ಕುಡಿತ ಬಿಟ್ಟ ಮೂರನೆಯ ರಾತ್ರಿ

ಪ್ರಶ್ನೆ: ನನ್ನ ಯಜಮಾನರಿಗೆ 46 ವರ್ಷ. ಹದಿನೈದು ವರ್ಷಗಳಿಂದ ದಿನವೂ ಕುಡಿಯುತ್ತಾರೆ. ಹೋದ ವರ್ಷ ದೇವರ ಮೇಲೆ ಆಣೆಯಿಟ್ಟು ಒಮ್ಮೆಲೇ ಬಿಟ್ಟರು. ಮರುದಿನ ಕಾಫಿ ಲೋಟ ಹಿಡಿಯಲಾರದಷ್ಟು ಕೈ ನಡುಗಿ, ಸಂಜೆಗೆ ಫಿಟ್ಸ್ ಬಂತು; ಕೈಗೆ ಬೀಗದ ಕೈ ಗೊಂಚಲು ಕೊಟ್ಟೆವು. ಮೂರನೆಯ ರಾತ್ರಿ ಗೋಡೆಯ ಮೇಲೆ ಇರುವೆ ಹರಿಯುತ್ತಿದೆಯೆಂದು ಒರೆಸುತ್ತಲೇ ಇದ್ದರು. ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದೆವು. ಮಗಳ ಮದುವೆಗೆ ಮುಂಚೆ ಮತ್ತೆ ಬಿಡುತ್ತೇನೆ ಎನ್ನುತ್ತಿದ್ದಾರೆ. ಮನೆಯಲ್ಲೇ ಬಿಡಿಸಬಹುದೇ? ತಿಳಿಯದಂತೆ ಸಾರಿನಲ್ಲಿ ಬೆರೆಸುವ ಮಾತ್ರೆ ಕೊಡಬಹುದೇ?
— ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಮನೆಯಲ್ಲಿ ಬೇಡ. ನೀವು ಕಂಡದ್ದು ಗಾಳಿಯಲ್ಲ, ಮದ್ಯ ಹಠಾತ್ತನೆ ನಿಂತಾಗ ಮಿದುಳು ಕೆರಳುವ ಸ್ಥಿತಿ. ವರ್ಷಗಟ್ಟಲೆ ಮದ್ಯದ ಮಂಕಿನ ವಿರುದ್ಧ ಎಳೆದು ಎಳೆದು ಒಗ್ಗಿಹೋದ ಮಿದುಳು, ಆ ಭಾರ ತಟ್ಟನೆ ಕಳಚಿದಾಗ, ಏರಿನಲ್ಲಿ ಹಗ್ಗ ಹರಿದ ಎತ್ತಿನಂತೆ ಮುಗ್ಗರಿಸುತ್ತದೆ. ಕೊನೆಯ ಸಲ ಕುಡಿದ ಆರೆಂಟು ಗಂಟೆಗಳಲ್ಲಿ ನಡುಕ, ಬೆವರು. ಮೊದಲ ಎರಡು ದಿನಗಳೊಳಗೆ ಫಿಟ್ಸ್. ಎರಡರಿಂದ ನಾಲ್ಕನೆಯ ದಿನದ ನಡುವೆ ಜ್ವರ, ದಿಕ್ಕುತಪ್ಪಿದ ಮಾತು, ಇಲ್ಲದ್ದು ಕಾಣುವುದು. ಈ ಕೊನೆಯದಕ್ಕೆ ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಒಮ್ಮೆ ಹೀಗಾದವರಿಗೆ ಮುಂದಿನ ಸಲ ಇನ್ನೂ ತೀವ್ರವಾಗಿ ಮರುಕಳಿಸುವ ಸಂಭವ ಹೆಚ್ಚು. ಮನಸ್ಸಿನ ಗಟ್ಟಿತನ ಇದನ್ನು ತಡೆಯಲಾರದು.

ಆದ್ದರಿಂದ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಒಳರೋಗಿಯಾಗಿ ಸೇರಿಸಿ, ಅಲ್ಲಿಯವರೆಗೆ ಅವರು ತಾವಾಗಿಯೇ ಒಮ್ಮೆಲೇ ನಿಲ್ಲಿಸದಂತೆ ನೋಡಿಕೊಳ್ಳಿ. ದಾರಿ ತಿಳಿಯದಿದ್ದರೆ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಕೇಳಬಹುದು. ಆಸ್ಪತ್ರೆಯಲ್ಲಿ ಕೆರಳಿದ ಮಿದುಳನ್ನು ತಣಿಸುವ ಔಷಧವನ್ನು, ಅಂದರೆ ಕ್ಲೋರ್‌ಡಯಾಜೆಪಾಕ್ಸೈಡನ್ನೋ, ಲಿವರ್ ಕೆಟ್ಟಿದ್ದರೆ ಲೋರಾಜೆಪಾಮನ್ನೋ ಕೊಟ್ಟು, ಕೆಲವು ದಿನಗಳಲ್ಲಿ ಪ್ರಮಾಣ ಇಳಿಸುತ್ತಾರೆ. ಸುಸ್ತಾಗಿದೆಯೆಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸುವ ನಮ್ಮ ಜನರ ರೂಢಿ ಇಲ್ಲಿ ಒಳ್ಳೆಯದಲ್ಲ: ಕುಡುಕರ ದೇಹದಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವ ಬತ್ತಿರುತ್ತದೆ, ಅದರ ಚುಚ್ಚುಮದ್ದಿಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಬಹುದು.

ಸಾರಿನ ಮಾತ್ರೆಯ ಯೋಚನೆಯನ್ನು ಬಿಟ್ಟುಬಿಡಿ. ಹೀಗೆ ಗುಟ್ಟಾಗಿ ಬೆರೆಸುವುದು ಸಾಮಾನ್ಯವಾಗಿ ಡೈಸಲ್ಫಿರಾಮ್. ಅದರ ಮೇಲೆ ಕುಡಿದರೆ ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ರೋಗಿ ತಿಳಿದು ಒಪ್ಪಿದ ಮೇಲಷ್ಟೇ ವೈದ್ಯರು ಅದನ್ನು ಬರೆಯುತ್ತಾರೆ.

ಫಿಟ್ಸ್ ಬಂದರೆ ಬೀಗದ ಕೈ ಬೇಡ. ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನನ್ನೂ ಹಾಕದೆ, 108ಕ್ಕೆ ಕರೆಮಾಡಿ. ಸೇರಿಸುವಾಗ, ದಿನಕ್ಕೆ ಎಷ್ಟು ಕ್ವಾರ್ಟರ್, ಕೊನೆಯದಾಗಿ ಕುಡಿದದ್ದು ಎಷ್ಟು ಗಂಟೆಗೆ, ಹೋದ ವರ್ಷ ಏನಾಯಿತು ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಿ. ನಾಚಿಕೆಯಿಂದ ನಾಲ್ಕನ್ನು ಎರಡೆಂದು ಬರೆದರೆ ಔಷಧದ ಲೆಕ್ಕವೇ ತಪ್ಪುತ್ತದೆ.