ಮೊದಲು ದಫ್ತರದ ಧೂಳು, ಆಮೇಲೆ ಹೇಗ್

ಕಾನೂನು ಪದವಿಯ ಕೊನೆಯ ವರ್ಷದಲ್ಲಿರುವ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ತೈಲ–ಅನಿಲ ವಲಯದ ವಕೀಲರಾಗುವ ಹಂಬಲ ಅವರದು. ಇಂಟರ್ನ್‌ಶಿಪ್‌ಗೆ ಹೋದ ಕಡೆ ಟೆಕ್ಸಾಸ್‌ನ ಜಮೀನೊಂದರ ಹಳೇ ಕ್ರಯಪತ್ರಗಳನ್ನು ಮುಂದಿಟ್ಟು, ಯಾರು ಯಾರಿಗೆ ಏನು ಮಾರಿದರೆಂದು ಮೂರು ವಾರ ಪಟ್ಟಿ ಬರೆಸಿದರಂತೆ. ‘ಇದು ಗುಮಾಸ್ತರ ಕೆಲಸವಲ್ಲವೇ? ನೇರವಾಗಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಗಲು ದಾರಿಯಿಲ್ಲವೇ? ತೈಲದ ಕಾಲವೇ ಮುಗಿಯುತ್ತಿದೆ ಅನ್ನುತ್ತಾರೆ, ಅಷ್ಟರೊಳಗೆ ಒಂದಾದರೂ ದೊಡ್ಡ ವ್ಯಾಜ್ಯ ನೋಡಬೇಡವೇ?’ ಎಂದು ಕೇಳಿದ್ದಾರೆ. ನಡುವೆ ಎರಡೇ ಸಾಲಿನಲ್ಲಿ ಇನ್ನೊಂದು ಮಾತೂ ಇದೆ: 1931ರಲ್ಲಿ ಕೊಂಡವರ ಹೆಸರು ಒಂದು, 1958ರಲ್ಲಿ ಮಾರಿದವರ ಹೆಸರು ಇನ್ನೊಂದು, ನಡುವೆ ಏನೂ ಸಿಗದೆ ನಕ್ಷತ್ರದ ಗುರುತು ಹಾಕಿ ಮುಂದೆ ಹೋದರಂತೆ.

ಮಧ್ಯಸ್ಥಿಕೆಯ ಸೆಳೆತ ನಮಗೆ ಅರ್ಥವಾಗದ್ದೇನಲ್ಲ. ರಷ್ಯಾದ ತೈಲ ಕಂಪನಿ ಯೂಕೋಸ್‌ನ ಷೇರುದಾರರಿಗೆ ರಷ್ಯಾ 5,000 ಕೋಟಿ ಡಾಲರ್ ಕೊಡಬೇಕೆಂದು 2014ರಲ್ಲಿ ನೆದರ್ಲೆಂಡ್ಸ್‌ನ ಹೇಗ್ ನಗರದ ಮಧ್ಯಸ್ಥಿಕೆ ಮಂಡಳಿ ಹೇಳಿದಾಗ ಜಗತ್ತೇ ತಿರುಗಿ ನೋಡಿತು. ಅಬುಧಾಬಿಯ 1939ರ ತೈಲ ಗುತ್ತಿಗೆ ಸಮುದ್ರದೊಳಗೆ ಎಲ್ಲಿಯವರೆಗೆ ಚಾಚುತ್ತದೆ ಎಂಬುದಕ್ಕೆ 1951ರಲ್ಲಿ ಲಾರ್ಡ್ ಆಸ್ಕ್ವಿತ್ ಮಧ್ಯಸ್ಥರಾಗಿ ಕೊಟ್ಟ ತೀರ್ಪನ್ನು ಇಂದಿಗೂ ಓದುತ್ತಾರೆ. ಒಳ್ಳೆಯದೇ, ಓದಿ. ಆದರೆ ಅದೂ ಒಂದು ಹಳೇ ಕಾಗದದ ಪದಗಳ ಮೇಲೆ ನಡೆದ ಜಗಳವೇ ಅಲ್ಲವೇ? ಕಾಗದ ಓದಲು ಬೇಸರಪಡುವವರು ಹೇಗ್‌ನ ಕನಸು ಕಾಣುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ.

ನೀವು ‘ಗುಮಾಸ್ತರ ಕೆಲಸ’ ಅಂದದ್ದರ ಬೆಲೆ ನೋಡಿ. ಹೆಚ್ಚಿನ ದೇಶಗಳಲ್ಲಿ ನೆಲದಡಿಯ ತೈಲ ಸರ್ಕಾರದ್ದು. ಅಮೆರಿಕದಲ್ಲಿ ಅದು ಬಹುಪಾಲು ಜಮೀನಿನ ಒಡೆಯನದು. ಮೇಲಿನ ನೆಲವನ್ನು ಒಬ್ಬರಿಗೆ ಮಾರಿ ಖನಿಜದ ಹಕ್ಕನ್ನು ತಾನೇ ಉಳಿಸಿಕೊಳ್ಳಬಹುದು. 1924ರ ಒಂದು ಕ್ರಯಪತ್ರದಲ್ಲಿ ಮಾರಿದವರು ಖನಿಜದ ‘ಎಂಟನೇ ಒಂದರ ಅರ್ಧ’ ತಮಗಿರಲಿ ಎಂದು ಬರೆದರು. ಲೆಕ್ಕದ ಮೇಷ್ಟ್ರು ಇದನ್ನು ಹದಿನಾರನೇ ಒಂದು ಅನ್ನುತ್ತಾರೆ. ಟೆಕ್ಸಾಸ್ ಸುಪ್ರೀಂ ಕೋರ್ಟ್ 2023ರಲ್ಲಿ, ವ್ಯಾನ್ ಡೈಕ್ ಪ್ರಕರಣದಲ್ಲಿ, ಅದು ಪೂರಾ ಅರ್ಧ ಎಂದಿತು. ಆ ಕಾಲದ ಬಹುತೇಕ ಗುತ್ತಿಗೆಗಳಲ್ಲಿ ರಾಯಲ್ಟಿ, ಅಂದರೆ ತೆಗೆದ ತೈಲದಲ್ಲಿ ಖನಿಜದ ಒಡೆಯನಿಗೆ ಸಲ್ಲುವ ಪಾಲು, ಎಂಟನೇ ಒಂದು ಭಾಗವೇ. ಹಾಗಾಗಿ ‘ಎಂಟನೇ ಒಂದು’ ಅಂದರೆ ಖನಿಜದ ಇಡೀ ಹಕ್ಕು ಎಂಬ ಅರ್ಥದಲ್ಲೇ ಜನ ಬರೆಯುತ್ತಿದ್ದರು. ಎರಡೂ ಕಡೆಯವರು ದಶಕಗಳ ಕಾಲ ಅದನ್ನು ಅರ್ಧವೆಂದೇ ನಡೆಸಿಕೊಂಡು ಬಂದದ್ದಕ್ಕೂ ದಾಖಲೆಗಳಿದ್ದವು. ಆ ದಾಖಲೆಗಳನ್ನು ಹೆಕ್ಕಿ ತೆಗೆದವರು ನೀವು ಮೂರು ವಾರ ಮಾಡಿದ ಕೆಲಸವನ್ನೇ ಮಾಡಿದ್ದು.

ದುಡ್ಡಿನಲ್ಲಿ ಇದರ ಅರ್ಥವೇನು? ಒಂದು ಬಾವಿಗಾಗಿ ಹಲವರ ಜಮೀನು ಒಟ್ಟುಗೂಡಿಸಿದ 640 ಎಕರೆಯ ಘಟಕದಲ್ಲಿ ನಿಮ್ಮ ಕಕ್ಷಿದಾರರ ತುಂಡು 80 ಎಕರೆ, ಖನಿಜದಲ್ಲಿ ಅರ್ಧ ಪಾಲು, ಗುತ್ತಿಗೆಯ ರಾಯಲ್ಟಿ ಎಂಟನೇ ಒಂದು ಎಂದಿಟ್ಟುಕೊಳ್ಳಿ. 80ನ್ನು 640ರಿಂದ ಭಾಗಿಸಿ, ಅರ್ಧದಿಂದ ಗುಣಿಸಿ, ಮತ್ತೆ ಎಂಟನೇ ಒಂದರಿಂದ ಗುಣಿಸಿದರೆ 0.0078125. ಬಾವಿಯ ಪ್ರತಿ ಬ್ಯಾರೆಲ್‌ನ ಹಣದಲ್ಲಿ ಅವರಿಗೆ ಸೇರುವ ಪಾಲು ಅದು. ಅರ್ಧವನ್ನು ಹದಿನಾರನೇ ಒಂದು ಎಂದು ಓದಿದರೆ 0.00097656. ಎಂಟು ಪಟ್ಟು ವ್ಯತ್ಯಾಸ, ಅದೂ ಬಾವಿ ಬತ್ತುವವರೆಗೆ ತಿಂಗಳು ತಿಂಗಳೂ.

ಒಡೆತನ ತಿಳಿದ ಮೇಲೆ ಗುತ್ತಿಗೆಯ ಗಡಿಯಾರ. ಮೂರೋ ಐದೋ ವರ್ಷದ ಮೊದಲ ಅವಧಿ, ಆಮೇಲೆ ‘ಉತ್ಪಾದನೆ ಇರುವವರೆಗೆ’ ಎಂದಿರುತ್ತದೆ. ಬಾವಿ ಕೊರೆದಾಗಿದೆ, ಗ್ಯಾಸ್ ಸಿಕ್ಕಿದೆ, ಪೈಪ್‌ಲೈನ್ ಬಂದಿಲ್ಲ, ವಾಲ್ವ್ ಮುಚ್ಚಿಕೊಂಡು ಕೂತಿದ್ದಾರೆ. ಆಗ ಗುತ್ತಿಗೆಯ ಜೀವ ಉಳಿಸುವುದು ಷಟ್–ಇನ್ ರಾಯಲ್ಟಿ ಎಂಬ ಸಣ್ಣ ಪಾವತಿ. ಅದು ಗಡುವಿನೊಳಗೆ ತಲುಪದಿದ್ದರೆ ಟೆಕ್ಸಾಸ್‌ನಲ್ಲಿ ನೋಟಿಸೂ ಇಲ್ಲ, ತೀರ್ಪೂ ಬೇಕಿಲ್ಲ. ಗುತ್ತಿಗೆ ತಾನಾಗಿ ಬಿದ್ದುಹೋಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುವುದು ಇದಕ್ಕೇ. ಇಲ್ಲಿ ವಕೀಲರ ಉಪಯೋಗವೆಲ್ಲ ಗಡುವಿಗೆ ಮುಂಚೆ, ಕ್ಯಾಲೆಂಡರಿನಲ್ಲಿ ಮೂರು ಕಡೆ ಗುರುತು ಹಾಕುವುದರಲ್ಲಿದೆ. ಆದರೆ ಆ ಗುರುತಿಗಾಗಿ ಯಾರೂ ಹಾರ ಹಾಕುವುದಿಲ್ಲ!

ಇನ್ನು ಅನುಬಂಧಗಳು. ನಮ್ಮ ಕಾನೂನು ಶಿಕ್ಷಣದ ಮೇಲೆ ನಮಗಿರುವ ಹಳೇ ಸಿಟ್ಟು ಇದು. ಅನಿವಾರ್ಯ ಅಡಚಣೆಯ ಬಗ್ಗೆ ನಲವತ್ತು ತೀರ್ಪು ಬಾಯಿಪಾಠ ಮಾಡಿಸುತ್ತಾರೆ, ಒಂದೇ ಒಂದು ಕರಾರನ್ನು ಮೊದಲ ಪುಟದಿಂದ ಕೊನೆಯ ಅನುಬಂಧದವರೆಗೆ ಓದಿಸುವುದಿಲ್ಲ. ನಾಲ್ಕು ಕಂಪನಿ ಸೇರಿ ಬಾವಿ ತೋಡಿದಾಗ ಕೆಲಸ ನಡೆಸುವ ಒಬ್ಬರು ಆಪರೇಟರ್. ಖರ್ಚು ಅವರ ಕೈಯಲ್ಲಿ, ಬಿಲ್ಲು ಎಲ್ಲರ ತಲೆಗೆ. ಯಾವ ಖರ್ಚು ಹಾಕಬಹುದು, ಯಾವುದು ಕೂಡದು ಎಂಬುದು ಕರಾರಿನ ಹೊಟ್ಟೆಯಲ್ಲಿರುವುದಿಲ್ಲ, ಬಾಲದಲ್ಲಿ, ಲೆಕ್ಕಪತ್ರದ ಅನುಬಂಧದಲ್ಲಿರುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಅಂಟಿಸುವ ಕೋಪಾಸ್ (ತೈಲ ವಲಯದ ಲೆಕ್ಕಿಗರ ಸಂಘಗಳ ಮಂಡಳಿ) ಅನುಬಂಧದ ಪ್ರಕಾರ, ಬಿಲ್ಲು ಬಂದ ವರ್ಷ ಮುಗಿದ ಮೇಲೆ 24 ತಿಂಗಳೊಳಗೆ ಬರಹದಲ್ಲಿ ತಕರಾರು ಎತ್ತದಿದ್ದರೆ ಆ ಬಿಲ್ಲು ಸರಿಯೆಂದೇ ಲೆಕ್ಕ. ಮೂರನೇ ವರ್ಷ ಎಂಥ ಘಟಾನುಘಟಿ ವಕೀಲರನ್ನು ಕರೆತಂದರೂ ಕಷ್ಟವೇ.

1988ರ ಜುಲೈ 6ರ ರಾತ್ರಿ ಬ್ರಿಟನ್ನಿನ ಪಕ್ಕದ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲವೇದಿಕೆಯಲ್ಲಿ ಒಂದು ಪಂಪಿನ ರಿಪೇರಿಗೆ ಒಂದು ಪರವಾನಗಿ ಚೀಟಿ, ಅದೇ ಪಂಪಿನ ಸುರಕ್ಷತಾ ವಾಲ್ವ್ ಬಿಚ್ಚಿದ್ದಕ್ಕೆ ಇನ್ನೊಂದು ಚೀಟಿ. ಎರಡನೆಯದು ರಾತ್ರಿ ಪಾಳಿಯವರ ಕಣ್ಣಿಗೆ ಬೀಳಲಿಲ್ಲ. ಇನ್ನೊಂದು ಪಂಪು ಕೆಟ್ಟಾಗ ಇದನ್ನು ಚಾಲೂ ಮಾಡಿದರು, ಸೋರಿಕೆಯಾಗಿ ಸ್ಫೋಟಿಸಿತು. ಸತ್ತವರು 167 ಜನ. ಆಪರೇಟರ್ ಕುಟುಂಬಗಳಿಗೆ ಪರಿಹಾರ ಕೊಟ್ಟು, ಆ ಹಣವನ್ನು ವೇದಿಕೆಯಲ್ಲಿ ಕೆಲಸ ವಹಿಸಿಕೊಂಡಿದ್ದ ಗುತ್ತಿಗೆದಾರ ಕಂಪನಿಗಳಿಂದ ವಸೂಲು ಮಾಡಲು ಹೊರಟಿತು. ಯಾರ ನೌಕರ ಸತ್ತರೆ ನಷ್ಟ ಯಾರು ತುಂಬಬೇಕು ಎಂಬ ಒಂದು ಕಲಮಿನ ಮೇಲೆ ನಡೆದ ಆ ವ್ಯಾಜ್ಯ ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಟ್ಟಿ ಮುಗಿದದ್ದು 2002ರಲ್ಲಿ. ಆಪರೇಟರ್ ಪಕ್ಷ ಗೆದ್ದಿತು. ‘ವಿಮೆಯವರು ಹಣ ಕೊಟ್ಟಾಗಿದೆಯಲ್ಲ’ ಎಂಬ ವಾದವೂ ನಿಲ್ಲಲಿಲ್ಲ. ಸಹಿ ಹಾಕುವಾಗ ಆ ಕಲಮನ್ನು ‘ಮಾಮೂಲಿ ಒಕ್ಕಣೆ’ ಎಂದು ಎಷ್ಟು ಜನ ದಾಟಿ ಹೋಗಿರಬಹುದು, ಊಹಿಸಿ. ಪರವಾನಗಿ ಚೀಟಿಯನ್ನೂ ವಕೀಲರು ಓದಲು ಕಲಿಯಬೇಕು. ಪಂಪು, ವಾಲ್ವ್ ಅಂದರೇನೆಂದು ಎಂಜಿನಿಯರನ್ನು ಕೇಳಲು ನಾಚಬಾರದು. ಈಗಿನವರೋ, ಹಿಂದಿನ ಕರಾರಿನ ಕಡತ ತೆರೆದು ಹೆಸರು ಬದಲಿಸಿ ಕಳಿಸುತ್ತಾರೆ. ಸಮುದ್ರದ ರಿಗ್ಗಿಗೆ ಬರೆದ ಕಲಮು ಮರುಭೂಮಿಯ ಬಾವಿಗೆ ಬಂದು ಕೂತಿರುತ್ತದೆ, ಹಡಗು ಮುಳುಗಿದರೆ ಯಾರು ಹೊಣೆ ಎಂಬುದರ ಸಮೇತ.

ತೈಲದ ಕಾಲ ಮುಗಿಯುವ ಮಾತು: ಮುಗಿಯಲಿ. ಬಾವಿ ತೋಡಲು ವಕೀಲ ಬೇಕಾದಂತೆ ಮುಚ್ಚಲೂ ಬೇಕು. ಬ್ರಿಟನ್ನಿನ 1998ರ ಪೆಟ್ರೋಲಿಯಂ ಕಾಯ್ದೆಯಲ್ಲಿ, ಪಾಲು ಮಾರಿ ಹೊರಟುಹೋದ ಕಂಪನಿಯನ್ನೂ ವೇದಿಕೆ ಕಳಚುವ ಖರ್ಚಿಗೆ ವಾಪಸು ಕರೆಯಬಹುದು. ಮಾರಿದವರು ಯಾರು, ಯಾವಾಗ, ಕೊಂಡವರು ಯಾವ ಭದ್ರತೆ ಕೊಟ್ಟಿದ್ದಾರೆ? ಮತ್ತೆ ಅದೇ ಪಟ್ಟಿ ಬರೆಯಬೇಕು.

ಈಗ ನಿಮ್ಮ ನಕ್ಷತ್ರಕ್ಕೆ ಬರೋಣ. ನಾಲ್ಕು ಪುಟದಲ್ಲಿ ಮೂರೂವರೆ ಹೇಗ್‌ಗೆ, ಎರಡು ಸಾಲು ಇದಕ್ಕೆ; ನಿಮ್ಮ ಮೇಲೆ ನಮಗಿರುವ ದೂರು ಇಷ್ಟೇ. ಮೊದಲು 1931ರವರ ಹೆಸರಿನ ಬೇರೆ ಬೇರೆ ಕಾಗುಣಿತಗಳನ್ನು ಕ್ರಯಪತ್ರಗಳ ಸೂಚಿಯಲ್ಲಿ ಹುಡುಕಿ. 1958ರಲ್ಲಿ ಮಾರಿದವರು ಹೆಂಗಸಾಗಿದ್ದರೆ ಮದುವೆಯಾಗಿ ಹೆಸರು ಬದಲಾದ ಮಗಳಿರಬಹುದು. ವಿವಾಹದ ದಾಖಲೆ ತೆಗೆಸಿ. ಆಮೇಲೆ ಉಯಿಲುಗಳ ಕೋರ್ಟಿನ ಕಡತ. ಅಲ್ಲೂ ಇಲ್ಲವಾದರೆ ತೆರಿಗೆ ಪಟ್ಟಿಯಲ್ಲಿ 1931ರಿಂದ 1958ರವರೆಗೆ ವರ್ಷ ವರ್ಷ ನೋಡುತ್ತ ಬನ್ನಿ. 1930ರ ದಶಕದಲ್ಲಿ ಬಾಕಿಗಾಗಿ ಹರಾಜಾದ ಜಮೀನಿಗೆ ಕೊರತೆಯಿಲ್ಲ. ಎಲ್ಲೂ ಸಿಗದಿದ್ದರೆ, ಕುಟುಂಬವನ್ನು ಬಲ್ಲ, ಆಸ್ತಿಯಲ್ಲಿ ಪಾಲಿಲ್ಲದ ವ್ಯಕ್ತಿಯಿಂದ ವಾರಸುದಾರರ ಬಗ್ಗೆ ಪ್ರಮಾಣಪತ್ರ (ಅಫಿಡವಿಟ್) ಪಡೆದು ನೋಂದಾಯಿಸಬೇಕೆಂದು ಒಡೆತನದ ಅಭಿಪ್ರಾಯಪತ್ರದಲ್ಲಿ ಬರೆಯಿರಿ. ಎಷ್ಟು ಮಕ್ಕಳಿದ್ದರೆಂಬುದನ್ನು ಅದರಲ್ಲಿ ಕಡ್ಡಾಯವಾಗಿ ಕೇಳಿ. ಐವರಲ್ಲಿ ಒಬ್ಬರಷ್ಟೇ 1958ರಲ್ಲಿ ಸಹಿ ಹಾಕಿದ್ದರೆ, ನಿಮ್ಮ ಕಚೇರಿಯ ಕಕ್ಷಿದಾರರು ಗುತ್ತಿಗೆ ಪಡೆದಿರುವುದು ಐದರಲ್ಲಿ ಒಂದು ಪಾಲಿಗೆ ಮಾತ್ರ.

– ಸಂ.