ಹೊಸ ವಿಜ್ಞಾನ ಕಟ್ಟಡದ ಅಂಗಳಕ್ಕೆ ಪಿಸುಮಾತಿನ ಬಟ್ಟಲುಗಳು

ವಿಜಯಪುರದಲ್ಲಿ ಏಳುತ್ತಿರುವ ನಿಮ್ಮ ವಿಜ್ಞಾನ ಕಟ್ಟಡದ ಮುಂದೆ ವಿದ್ಯಾರ್ಥಿಗಳು ಮುಟ್ಟಿ, ಆಡಿ ನೋಡುವಂಥ ಕಲಾಕೃತಿ ಬೇಕು, ಟಚ್‌ಸ್ಕ್ರೀನ್ ಗೋಡೆ ಆದೀತೇ ಎಂದು ಕೇಳಿದ್ದೀರಿ. ಬೇಡ. ಧೂಳು, ವೋಲ್ಟೇಜ್ ಏರಿಳಿತ ಎರಡೂ ಅದಕ್ಕೆ ಆಗಿಬರುವುದಿಲ್ಲ. ನಿರ್ವಹಣೆಯ ಕರಾರು ಮುಗಿದ ಮೇಲೆ ಕೇಳುವವರೂ ಇರುವುದಿಲ್ಲ.

ಕರೆಂಟೇ ಬೇಡದ ಕೃತಿ ಇಡಿ: 20 ಮೀಟರ್ ದೂರದಲ್ಲಿ ಎದುರುಬದುರಾಗಿ ಎರಡು ಪ್ಯಾರಾಬೋಲಾ ಬಟ್ಟಲು. ಒಂದರೊಳಗೆ ಪಿಸುಗುಟ್ಟಿದ್ದು ಇನ್ನೊಂದರ ಮುಂದೆ ನಿಂತವರಿಗೆ ಕೇಳುತ್ತದೆ. ಗೋಲಗುಮ್ಮಟದ ಊರಿಗೆ ಇದಕ್ಕಿಂತ ಒಪ್ಪುವ ಕೃತಿ ನನಗೆ ಕಾಣದು. ಅಲ್ಲಿ ಒಳವ್ಯಾಸ ಸುಮಾರು 38 ಮೀಟರ್. ದನಿ ಬಾಗಿದ ಗೋಡೆಗುಂಟ ಸುತ್ತಿ ಬರುತ್ತದೆ. ಇಲ್ಲಿ ಬಟ್ಟಲು ಅದನ್ನು ನೇರ ಎದುರಿಗೆ ಕಳಿಸುತ್ತದೆ.

ಅಳತೆ ಹೀಗಿರಲಿ: ವ್ಯಾಸ 2 ಮೀಟರ್, ಆಳ 40 ಸೆಂಮೀ. ಆಗ ನಾಭಿ, ಅಂದರೆ ಬಟ್ಟಲಿಗೆ ಬಡಿದ ದನಿ ಒಂದೆಡೆ ಕೂಡುವ ಬಿಂದು, ಬಟ್ಟಲಿನ ತಳದಿಂದ 62.5 ಸೆಂಮೀ ದೂರದಲ್ಲಿ, ಅಂಚಿಗಿಂತ ಹೊರಗೆ ಬರುತ್ತದೆ. ಪ್ಲೈವುಡ್ ಅಚ್ಚುಹಲಗೆಯನ್ನು ಹೀಗೆ ಕತ್ತರಿಸಿ: ನಡುವಿನಿಂದ 25 ಸೆಂಮೀಗೆ 2.5 ಏರಿಕೆ, 50ಕ್ಕೆ 10, 75ಕ್ಕೆ 22.5, 100ಕ್ಕೆ 40. ನಡುವೆ ಪೈಪ್ ನಿಲ್ಲಿಸಿ, 6 ಎಂಎಂ ಸರಳಿನ ಪಂಜರಕ್ಕೆ ಕೋಳಿಬಲೆ ಕಟ್ಟಿ, 1:2 ಗಾರೆ (ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು) ಮೆತ್ತಿ, ಹಲಗೆ ತಿರುಗಿಸುತ್ತಾ ಮೇಲ್ಮೈ ತೀಡಬೇಕು. 4 ಸೆಂಮೀ ದಪ್ಪಕ್ಕೆ ಒಂದೊಂದು ಸುಮಾರು 350 ಕಿಲೋ ತೂಗುತ್ತದೆ. ಎತ್ತುವ ಕೊಕ್ಕೆಗಳನ್ನು ಮೊದಲೇ ಹೂಳಿ. ನಮ್ಮ ಬಿಸಿಲಿಗೆ 14 ದಿನ ಒದ್ದೆ ಗೋಣಿಚೀಲ ಹೊದಿಸದಿದ್ದರೆ ಬಿರುಕು ಖಂಡಿತ.

ಪಿಸುಮಾತಿನಲ್ಲಿ ಮೇಲಿನ ಆವರ್ತನಗಳೇ ಹೆಚ್ಚು. 4 ಕಿಲೋಹರ್ಟ್ಸ್‌ಗೆ ತರಂಗಾಂತರ 8.5 ಸೆಂಮೀ, ಹಾಗಾಗಿ 1 ಸೆಂಮೀ ಒಳಗಿನ ಉಬ್ಬುತಗ್ಗು ನಡೆಯುತ್ತದೆ. ಕಲಾವಿದರಿಗೆ ಒಳಮೈ ಕೊಡಬೇಡಿ, ಬೆನ್ನು ಪೂರ್ತಿ ಕೊಡಿ. ಗುಳೇದಗುಡ್ಡ ಖಣದ ವಿನ್ಯಾಸ ಅಲ್ಲಿ ಎಷ್ಟು ಚೆಂದ ಕೂಡೀತು!

ಕೆಲಸ ಕೆಡುವುದು ಹೆಚ್ಚಾಗಿ ಅಡಿಪಾಯದಲ್ಲಿ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಒಂದು ಬಟ್ಟಲು ಕಟ್ಟಡದ ಪ್ಲಿಂತ್ (ನೆಲಗಟ್ಟು) ಮೇಲೆ, ಇನ್ನೊಂದು ತೋಟದ ಮಣ್ಣಿನ ಮೇಲೆ ಕೂತರೆ ಎರಡೂ ಬೇರೆಬೇರೆ ವಾಲುತ್ತವೆ. 3 ಡಿಗ್ರಿ ವಾಲಿದರೆ 20 ಮೀಟರ್‌ನಲ್ಲಿ ದನಿ ಒಂದು ಮೀಟರ್ ಪಕ್ಕಕ್ಕೆ ಸರಿದು, ಬಹುಪಾಲು ಹೊರಗೇ ಹೋಗುತ್ತದೆ. ಎರಡನ್ನೂ ಒಂದೇ ಪ್ಲಿಂತ್ ಮೇಲೆ ಕೂರಿಸಿ; ಆಗದಿದ್ದರೆ ಅಂಡರ್‌ರೀಮ್ಡ್ ಪೈಲ್ (ಬುಡದಲ್ಲಿ ಅಗಲವಾಗುವ, ಆಳಕ್ಕಿಳಿಸಿದ ಕಾಂಕ್ರೀಟ್ ಕಂಬ) ಹಾಕಿಸಿ. ಇದು ಪ್ಲಿಂತ್ ಏಳುವ ಮೊದಲೇ ನಕ್ಷೆಯಲ್ಲೂ ಎಸ್ಟಿಮೇಟಿನಲ್ಲೂ ಇರಬೇಕು, ಆಮೇಲೆ ಸೇರಿಸಲು ಹೋದರೆ ದುಪ್ಪಟ್ಟು ತಾಪತ್ರಯ.

ಬಟ್ಟಲುಗಳು ಉತ್ತರ–ದಕ್ಷಿಣಕ್ಕೆ ಮುಖ ಮಾಡಲಿ. ಪೂರ್ವ–ಪಶ್ಚಿಮಕ್ಕಿಟ್ಟರೆ ಹುಟ್ಟುವ, ಮುಳುಗುವ ಸೂರ್ಯನ ಬಿಸಿಲು ಮಕ್ಕಳು ಮುಖ ಇಡುವ ಜಾಗದಲ್ಲೇ ಕೂಡುತ್ತದೆ. ಹೊಳೆಯುವ ಸ್ಟೀಲ್ ಯಾವ ದಿಕ್ಕಿಗೂ ಬೇಡ, ಮ್ಯಾಟ್ ಬಣ್ಣ ಸಾಕು.

ನಾಭಿಯನ್ನು ತೋರಿಸಲು 30 ಸೆಂಮೀ ಅಗಲದ ಸ್ಟೀಲ್ ಬಳೆ ಬೇಕು, ನೆಲದಿಂದ 1.2 ಮೀಟರ್ ಎತ್ತರಕ್ಕೆ. ಎತ್ತರದವರು ಬಾಗಬಹುದು, ಗಾಲಿಕುರ್ಚಿಯಲ್ಲಿ ಬಂದವರು ಮೇಲೇಳಲಾರರು. ಬಳೆಯನ್ನು ಕೊನೆಗೆ ಬೆಸುಗೆ ಹಾಕಿಸಿ: ಒಂದು ಕಡೆ ನಾಭಿಯ ಜಾಗದಲ್ಲಿ ಟಿಕ್‌ಟಿಕ್ ಗಡಿಯಾರ ಹಿಡಿದು, ಇನ್ನೊಂದು ಕಡೆ ಕಿವಿ ಆಚೀಚೆ ಸರಿಸಿ, ಸದ್ದು ಅತಿ ಜೋರಾಗುವ ಬಿಂದು ಗುರುತಿಸಿದ ಮೇಲೆ. ಜನರೇಟರನ್ನು ಕಟ್ಟಡದ ಹಿಂದಕ್ಕೆ ಹಾಕಿಸಿ, ನಡುವಿನ 20 ಮೀಟರ್‌ನಲ್ಲಿ ಗಿಡ ನೆಡಬೇಡಿ, ಬೈಕ್ ನಿಲ್ಲಿಸಲು ಬಿಡಬೇಡಿ.