ಏಳರ ನಡೆ ನಮಗೇನು ಹೊಸದಾ?

ದಾವಣಗೆರೆಯ ಓದುಗರೊಬ್ರು ಬರೆದಿದಾರೆ: "ಹೋದ ಸಂಚಿಕೇಲಿ ಕೆನಡಾದ ರಶ್ ಬ್ಯಾಂಡಿನ ಶುರುವಿನ ದಿನಗಳನ್ನ ಅಷ್ಟೊಂದು ಹೊಗಳಿದ್ರಿ. ನಂಗಂತೂ ಅದು ಬರೀ ಕೈಚಳಕ ತೋರ್ಸೋದು ಅನ್ಸತ್ತೆ. ಹಾರ್ಡ್ ರಾಕ್ ಎದೆಗೆ ಬಡೀಬೇಕು, ಬೆರಳು ಮಡಿಚಿ ಎಣಿಸ್ಕೊಂಡು ಕೇಳೋದಾದ್ರೆ ಗಣಿತದ ಕ್ಲಾಸೇ ಸಾಕಲ್ವಾ? ಇಪ್ಪತ್ತು ನಿಮಿಷದ ಹಾಡು ಯಾರಿಗೆ ಬೇಕು?"

ನಮಸ್ಕಾರ. ನಿಮ್ಮ ಪತ್ರ ಎರಡು ಸಲ ಓದ್ದೆ, ಯಾಕಂದ್ರೆ ಎದೆಗೆ ಬಡೀಬೇಕು ಅನ್ನೋ ಮಾತಿಗೆ ನಂದೂ ಪೂರ್ತಿ ಒಪ್ಪಿಗೆ ಇದೆ. ರಶ್ ಶುರುವಾಗಿದ್ದೂ ಹಾಗೇನೆ. 1974ರ ಮೊದಲನೇ ಆಲ್ಬಂ ನೇರಾನೇರ ಹಾರ್ಡ್ ರಾಕು, ಯಾವ ಕಂಪನಿನೂ ತಗೊಳ್ಳದೆ ಸ್ವಂತ ಲೇಬಲ್ಲಲ್ಲಿ ತಂದಿದ್ದು. ಅಮೆರಿಕದ ಕ್ಲೀವ್‌ಲ್ಯಾಂಡಿನ ರೇಡಿಯೋದಲ್ಲಿ ಡಾನಾ ಹ್ಯಾಲ್ಪರ್ ಅದರಲ್ಲಿದ್ದ ದುಡಿಯೋನ ಹಾಡು ಹಾಕಿದ್ರು, ಅದು ಫ್ಯಾಕ್ಟರಿ ಊರು, ಜನಕ್ಕೆ ತಮ್ಮದೇ ಹಾಡು ಅನ್ನಿಸ್ತು, ಅಲ್ಲಿಂದ ಬಾಗಿಲು ತೆರೀತು.

ಅಷ್ಟರಲ್ಲಿ ಡ್ರಮ್ಮರ್ ಬಿಟ್ಟುಹೋದ. ಬದಲಿಗೆ ಬಂದವನು ನೀಲ್ ಪೀರ್ಟ್, ಅಪ್ಪನ ಜೊತೆ ಕೃಷಿ ಯಂತ್ರಗಳ ಬಿಡಿಭಾಗದ ವ್ಯಾಪಾರ ನೋಡ್ಕೊಂಡಿದ್ದ ಹುಡುಗ. ಜುಲೈ 29ಕ್ಕೆ ಸೇರಿದ, ಆಗಸ್ಟ್ 14ಕ್ಕೆ ಪಿಟ್ಸ್‌ಬರ್ಗಲ್ಲಿ ಸಾವಿರಾರು ಜನರ ಮುಂದೆ ಕೂತು ಬಾರಿಸ್ತಿದ್ದ! ಮುಂದಿನ ವರ್ಷದ ಆಲ್ಬಮ್ಮಿನ ಮೊದಲ ಹಾಡು ಶುರುವಾಗೋದೇ ಏಳೇಳು ಪೆಟ್ಟಿನ ತಾಳದ ಲೆಕ್ಕದಲ್ಲಿ.

ಇಲ್ಲೇ ನಿಮ್ಮ ಗಣಿತದ ಮಾತಿಗೆ ಬರ್ತೀನಿ. ಏಳು ನಮಗೆ ಹೊರಗಿಂದಾ? ಕುಮಾರವ್ಯಾಸನ ಭಾಮಿನಿ ಷಟ್ಪದಿ ನಡಿಯೋದೇ ಮೂರು-ನಾಲ್ಕು, ಮೂರು-ನಾಲ್ಕು ಅಂತ, ಮಿಶ್ರ ಛಾಪೂ ಅಷ್ಟೇ, ತಕಿಟ ತಕಧಿಮಿ. ಗಮಕ ಕೇಳೋವಾಗ ಯಾರೂ ಬೆರಳು ಮಡಿಚಲ್ಲ, ತಲೆ ತಾನಾಗೇ ಆಡತ್ತೆ. ರಶ್‌ನ ಏಳನ್ನೂ ಹಾಗೇ ಕೇಳಿ ನೋಡಿ, ಎಣಿಸ್ಬೇಡಿ. ಮೂರೇ ಜನ, ಗೆಡ್ಡಿ ಲೀ ಬೇಸ್, ಅಂದ್ರೆ ತಗ್ಗು ಸ್ವರದ ಗಿಟಾರ್, ನುಡಿಸ್ತಾನೇ ಹಾಡ್ತಾನೆ, ಅವನ ಬೇಸು ಗಿಟಾರಿನ ಹಿಂದೆ ಅಡಗಿ ಕೂರಲ್ಲ, ಅದೇ ಇನ್ನೊಂದು ರಾಗ ಹಿಡಿದು ಹೋಗತ್ತೆ, ಅಲೆಕ್ಸ್ ಲೈಫ್‌ಸನ್ ಅದಕ್ಕೆ ಜಾಗ ಬಿಟ್ಟು ಗಿಟಾರಲ್ಲಿ ದೊಡ್ಡದಾಗಿ ಕಾರ್ಡ್, ಅಂದ್ರೆ ಒಟ್ಟಿಗೆ ನುಡಿಯೋ ಸ್ವರಗಳನ್ನ, ಹರಡ್ತಾನೆ.

ಉದ್ದದ ವಿಷ್ಯದಲ್ಲಿ ನೀವು ಅರ್ಧ ಸರಿ. 1975ರ ಮೂರನೇ ಆಲ್ಬಮ್ಮಲ್ಲಿ ರೆಕಾರ್ಡಿನ ಒಂದು ಬದಿ ಪೂರ್ತಿ ಒಂದೇ ಹಾಡು, ಅದು ನನಗೂ ಎಳೆದಂಗೆ ಅನ್ಸತ್ತೆ, ಆಲ್ಬಂ ಮಾರಾಟವೂ ಆಗ್ಲಿಲ್ಲ. ಚಿಕ್ಕ ಹಾಡು ಮಾಡಿ ಅಂತ ಕಂಪನಿ ಕಡೆಯಿಂದ ಒತ್ತಡ. ಇವರು 1976ರಲ್ಲಿ ಮತ್ತೆ ಇಪ್ಪತ್ತು ನಿಮಿಷದ್ದೇ ಮಾಡಿದ್ರು, '2112', ಮತ್ತೆ ಅದೇ ಅವರನ್ನ ಉಳಿಸ್ತು.

ಅದರಲ್ಲಿ ಒಂದು ಭಾಗ ಇದೆ, ಅದಕ್ಕೋಸ್ಕರಾನೇ ಇಷ್ಟುದ್ದ ಬರೀತಿರೋದು. ಹಾಡಿನ ಕಥೇಲಿ ಸಂಗೀತವನ್ನೆಲ್ಲ ಪುರೋಹಿತರು ಕೈಯಲ್ಲಿಟ್ಕೊಂಡಿರೋ ಮುಂದಿನ ಕಾಲ, ಒಬ್ಬನಿಗೆ ಹಳೇ ಗಿಟಾರ್ ಸಿಗತ್ತೆ, ಅದೇನಂತ್ಲೂ ಅವನಿಗೆ ಗೊತ್ತಿಲ್ಲ. ನೀರು ಹರಿಯೋ ಸದ್ದು. ಲೈಫ್‌ಸನ್ ಅಲ್ಲಿ ಬರೀ ತಂತಿ ಮೀಟ್ತಾನೆ, ಶ್ರುತಿ ತಪ್ಪಿದೆ, ಬಿರಡೆ ತಿರುಗಿಸ್ತಾ ನಿಧಾನಕ್ಕೆ ಕೂಡಿಸ್ತಾನೆ, ಒಂದೊಂದೇ ಸ್ವರ ತಡಕಾಡಿ ಕೊನೆಗೆ ಕಾರ್ಡ್ ಸಿಗತ್ತೆ. ಅಷ್ಟು ನುರಿತ ಕೈ ಮೊದಲ ಸಲ ಗಿಟಾರ್ ಮುಟ್ಟಿದೋನ ಥರ ನುಡಿಸ್ಬೇಕು ಅಂದ್ರೆ ಕಲಿತಿದ್ದನ್ನೆಲ್ಲ ಮುಚ್ಚಿಡಬೇಕಲ್ವಾ, ಪ್ರದರ್ಶನ ಮಾಡೋನಿಗೆ ಅದು ಸಾಧ್ಯವೇ ಇಲ್ಲ ಅಂತ ನನ್ನ ನಂಬಿಕೆ.

ಪೀರ್ಟ್ ಕೂಡ ಅಂಥವನೇ. ಜಗತ್ತೆಲ್ಲ ಗುರು ಅಂತ ಕರೀತಿದ್ದಾಗ, ನಲವತ್ತು ದಾಟಿದ ಮೇಲೆ, ಜಾಝ್ ಮೇಷ್ಟ್ರು ಫ್ರೆಡ್ಡಿ ಗ್ರೂಬರ್ ಹತ್ರ ಹೋಗಿ ಕೋಲು ಹಿಡಿಯೋದ್ರಿಂದ ಮತ್ತೆ ಕಲ್ತ.

ಒಂದು ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಆ ನೀರಿನ ಸದ್ದಿನ ಭಾಗ ಕೇಳಿ, ಮಧ್ಯದಿಂದ ಬೇಡ, '2112' ಮೊದಲಿಂದ ಹಾಕಿ, ಆ ಮೊದಲ ಅಬ್ಬರ ಆದ್ಮೇಲೇನೇ ಆ ಮೌನಕ್ಕೆ ಬೆಲೆ. ಆಮೇಲೂ ಇದು ಗಣಿತ ಅನ್ಸಿದ್ರೆ ಹಾಗೇ ಬರೀರಿ, ಒಂದಕ್ಷರ ಕತ್ತರಿಸದೆ ಹಾಕ್ತೀನಿ.